ರಾಣಿ ತೋಳಿನ ಕುಬಸ, ಬೆನ್ನಿಗೊಂದು ಗುದ್ದು

ಇಳಕಲ್ಲಿನ ನಮ್ಮ ಮನೆಯಲ್ಲಿದ್ದದ್ದು ಕಪ್ಪು-ಬಿಳುಪು ಟೀವಿ. ಆದರೂ ಆ ದಿನ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಟ್ಟೆಯ ಬಣ್ಣ ನನಗೆ ನೆನಪಿದೆ: ಕೆಂಪು, ಹಳದಿ, ಒಂದು ಕಡೆ ನೀಲಿ. ಅದರ ಮೇಲೆ ಬಿಳಿ ಹೂವು. ಬಿಳಿ ಹೂವನ್ನು ಬೇಕಾದರೆ ನಂಬಬಹುದು. ಉಳಿದ ಬಣ್ಣಗಳು ಎಲ್ಲಿಂದ ಬಂದವು? ಆಮೇಲೆ ಎಂದೋ ಯಾವುದೋ ವಾರಪತ್ರಿಕೆಯಲ್ಲಿ ನೋಡಿ, ಅವನ್ನು ತಂದು ಹಳೆಯ ಚಿತ್ರಕ್ಕೆ ಬಳಿದುಕೊಂಡಿರಬೇಕು. ಹೀಗೆ ಬಳಿದುಕೊಂಡದ್ದು ಇನ್ನೂ ಎಷ್ಟಿದೆಯೋ. ಹಾಗಾಗಿ ಇದನ್ನು ಬರೆಯುವಾಗ ಎಲ್ಲಿ ಅನುಮಾನ ಬರುತ್ತದೆಯೋ ಅಲ್ಲಿ ನಿಂತು ಹೇಳಿಬಿಡುತ್ತೇನೆ.

ಸತ್ತವಳು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದಾಚೆಯ ಅರಮನೆಗೆ ಸೊಸೆಯಾಗಿ ಹೋದವಳು, ಎರಡು ಗಂಡುಮಕ್ಕಳಾದ ಮೇಲೆ ಗಂಡನಿಂದ ಬೇರೆಯಾದವಳು, ಪರ ಊರಿನಲ್ಲಿ, ಕೂತಿದ್ದ ಕಾರೇ ಕಂಬಕ್ಕೆ ಬಡಿದು ಸಣ್ಣ ವಯಸ್ಸಿಗೇ ಹೋದವಳು. ಆಕೆಯ ಹೆಸರನ್ನು ಸರಿಯಾಗಿ ಉಚ್ಚರಿಸುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಅದರ ಗರಜೂ ಬೀಳಲಿಲ್ಲ. ರಾಣಿ ಅಂದರೆ ಆಕೆಯೇ, ಅಷ್ಟೆ. ಈ ನಾಡಿನಲ್ಲಿ ಹಿಂದೆ ಆಳಿದ ರಾಣಿಯರು ಬೇಕಾದಷ್ಟು ಮಂದಿ ಇದ್ದರು, ಅವರೆಲ್ಲ ಸಾಲೆಯ ಪುಸ್ತಕದಲ್ಲಿದ್ದರು. ಈಕೆ ಮಾತ್ರ ಚಾಚಾನ ಅಂಗಡಿಯಲ್ಲಿದ್ದಳು.

ಚಾಚಾನದು ಓಣಿಯ ತಿರುವಿನಲ್ಲಿದ್ದ ಹೊಲಿಗೆ ಅಂಗಡಿ. ಅವರ ಅಪ್ಪ, ಅಜ್ಜ ಎಲ್ಲರೂ ಅಲ್ಲಿಯೇ ಕೂತು ನಮ್ಮ ಅಜ್ಜಿಯರಿಗೆ ಕುಬಸ ಹೊಲಿದವರು. ಮಷಿನ್ನಿನ ಮೇಲಿನ ಗೋಡೆಗೆ ರಾಣಿಯ ಮದುವೆಯ ಚಿತ್ರವಿತ್ತು. ಪತ್ರಿಕೆಯಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ್ದು, ಮೇಲೊಂದು ಪ್ಲಾಸ್ಟಿಕ್ ಹಾಳೆ. ನಾನು ಹುಟ್ಟುವ ಮೊದಲೇ ಅದು ಅಲ್ಲಿತ್ತಂತೆ. ಚಿತ್ರದಲ್ಲಿ ಆಕೆಯ ಅಂಗಿಯ ತೋಳುಗಳು ಆಗಷ್ಟೇ ಎಣ್ಣೆಯಿಂದ ಎದ್ದ ಪೂರಿಯ ಹಾಗೆ ಉಬ್ಬಿದ್ದವು. ಊರಿನ ಬೇರೆ ಅಂಗಡಿಗಳಲ್ಲಿ ಅಂಥ ತೋಳಿಗೆ ಪುಗ್ಗಾ ತೋಳು, ಅಂದರೆ ಬಲೂನು ತೋಳು, ಎನ್ನುತ್ತಿದ್ದರು. ಚಾಚಾನ ಮುಂದೆ ಮಾತ್ರ ಹಾಗೆ ಅನ್ನುವಂತಿರಲಿಲ್ಲ.

"ಪುಗ್ಗಾ ಉರುಸಿನ್ಯಾಗ ಸಿಗತಾವ, ಹೋಗಿ ತಗೋ ಬೇಟಾ. ನನ್ನ ಕಡೆ ರಾಣಿ ತೋಳ ಐತಿ. ಬೇಕೇನ ಹೇಳು."

ಒಂದು ಗುಳೇದಗುಡ್ಡದ ಖಣದಲ್ಲಿ ಒಂದು ಕುಬಸವಾಗುತ್ತದೆ. ಆದರೆ ರಾಣಿ ತೋಳು ಬಟ್ಟೆಯನ್ನು ನುಂಗುತ್ತದೆ. ತೋಳಿಗೆ ಖಣ ಹೋಗಿಬಿಟ್ಟರೆ ಬೆನ್ನಿಗೆ ಏನು ಉಳಿಯಬೇಕು? ಚಾಚಾ ಅದಕ್ಕೊಂದು ದಾರಿ ಹುಡುಕಿದ್ದರು. ಬೆನ್ನಿಗೆ ಬೇರೆ ಸಾದಾ ಬಟ್ಟೆ ಹಚ್ಚಿ ಹೊಲಿಯುತ್ತಿದ್ದರು. ಹೇಗೂ ಸೆರಗು ಮುಚ್ಚುತ್ತದಲ್ಲ. ನಮ್ಮ ಓಣಿಯ ಹೆಂಗಸರೆಲ್ಲ ಮುಂದಿನಿಂದ ಅರಮನೆ, ಹಿಂದಿನಿಂದ ಮಾಂಜರಪಾಟು. ಹೀಗೆಂದು ನಕ್ಕವಳು ನನ್ನ ಅತ್ತೆ, ಅಪ್ಪನ ತಂಗಿ. ಅಥವಾ ಈ ಮಾತನ್ನು ನಾನೇ ಕಟ್ಟಿ ಅವಳ ಬಾಯಿಗೆ ಹಾಕುತ್ತಿದ್ದೇನೋ.

ಅತ್ತೆಯನ್ನು ಹುನಗುಂದಕ್ಕೆ ಕೊಟ್ಟಿದ್ದರು. ಒಂದು ಮಧ್ಯಾಹ್ನ ಅವಳು ಟ್ರಂಕು ಹಿಡಿದು ಬಸ್ಸಿಳಿದು ಬಂದಳು, ಮತ್ತೆ ಹೋಗಲಿಲ್ಲ. ಯಾಕೆ ಬಂದಳು ಎಂದು ಮನೆಯಲ್ಲಿ ಯಾರೂ ನಮ್ಮ ಮುಂದೆ ಹೇಳಲಿಲ್ಲ. ಇವತ್ತಿಗೂ ಅವಳು ಹೇಳಿಲ್ಲ, ನಾನು ಕೇಳಿಲ್ಲ. ಓಣಿಯ ಹೆಂಗಸರು ಮಾತ್ರ "ಸೋಡಚೀಟಿ ಆಗೇತಿ" ಎಂದು ಮಾತಾಡಿಕೊಳ್ಳುತ್ತಿದ್ದರು. ಗಂಡ-ಹೆಂಡತಿ ಸಂಬಂಧ ಹರಿದುಕೊಂಡರೆ ನಮ್ಮ ಕಡೆ ಅದಕ್ಕಿರುವ ಶಬ್ದ ಅದು. ನನಗೆ ಆಗ ಎಂಟೋ ಒಂಬತ್ತೋ ವರ್ಷ. ನಾನು ಅದನ್ನು ಸೋಡಾ ಚೀಟಿ ಎಂದು ಕೇಳಿಸಿಕೊಂಡೆ. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಗೋಳಿ ಸೋಡಾದ ಅಂಗಡಿ ಇತ್ತು. ಅಲ್ಲಿ ತೋರಿಸಿದರೆ ಪುಕ್ಕಟೆ ಸೋಡಾ ಸಿಗುವ ಚೀಟಿ ಅತ್ತೆಯ ಹತ್ತಿರ ಇದೆ ಎಂದು ತಿಳಿದು, ಅದನ್ನು ನನಗೆ ಕೊಡೆಂದು ಅವಳ ಬೆನ್ನು ಹತ್ತಿದ್ದೆ.

"ಕೊಡತೇನಿ, ನೀ ದೊಡ್ಡಾಕಿ ಆಗು," ಅಂದಳಂತೆ. ಇದನ್ನು ಅವಳು ಈಗಲೂ ಹೇಳಿ ನಗುತ್ತಾಳೆ. ಯಾಕೆಂದರೆ ನಾನು ದೊಡ್ಡವಳಾದೆ, ನನಗೂ ಆ ಚೀಟಿ ಸಿಕ್ಕಿತು.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು. ಹೆಂಗಸರು ಚಾಚಾನ ಅಂಗಡಿಯ ಕಟ್ಟೆಯ ಮೇಲೆ ಕೂತು ರಾಣಿಯ ಸುದ್ದಿ ಆಡುವಾಗ "ಪಾಪ, ಅಕೀಗೂ ಅತ್ತಿ ಮನಿ ಸುಖ ಹತ್ತಲಿಲ್ಲ" ಅನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಗಂಡನ ತಾಯಿಯೂ ಅತ್ತಿ, ಅಪ್ಪನ ತಂಗಿಯೂ ಅತ್ತಿ. ನನಗೆ ಗೊತ್ತಿದ್ದದ್ದು ಒಬ್ಬಳೇ ಅತ್ತಿ. ಅವಳ ಮನೆ ಅಂದರೆ ನಮ್ಮ ಮನೆ. ಈ ರಾಣಿ ನಮ್ಮ ಮನೆಗೆ ಯಾವಾಗ ಬಂದಿದ್ದಳು, ಅವಳಿಗೆ ಇಲ್ಲಿ ಏನು ಕಮ್ಮಿಯಾಯಿತು ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ನಿಜ ತಿಳಿದರೂ ಅವರಿಬ್ಬರನ್ನು ಬೇರೆಬೇರೆಯಾಗಿ ಇಡಲು ನನಗೆ ಆಗಲೇ ಇಲ್ಲ. ಇಬ್ಬರೂ ಟ್ರಂಕು ಹಿಡಿದು ಬಂದವರು ಅನ್ನಿಸುತ್ತಿತ್ತು.

ಅತ್ತೆ ಬಂದ ಮರುವರ್ಷ ನನ್ನ ತಂಗಿ ಹುಟ್ಟಿದಳು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಅಪ್ಪನ ಅಕ್ಕನೋ ತಂಗಿಯೋ, ಅಂದರೆ ಸೋದರತ್ತೆ, ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಅವಳು ಬಗ್ಗಿದಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಚೇಷ್ಟೆಗೆ ಗುದ್ದುವುದೇ, ಆದರೆ ಕೆಲವರು ಹಳೆಯ ಸಿಟ್ಟನ್ನೂ ಅದರಲ್ಲೇ ತೀರಿಸಿಕೊಳ್ಳುತ್ತಾರೆ. ಗುದ್ದು ತಿಂದವಳೇ ಸೋದರತ್ತೆ. ತಿನ್ನದಿದ್ದರೆ ಅವಳು ಬರೀ ತೊಟ್ಟಿಲ ಹತ್ತಿರ ಬಗ್ಗಿದ ಒಬ್ಬ ಹೆಂಗಸು.

ಅಪ್ಪನಿಗೆ ಇದ್ದವಳು ಒಬ್ಬಳೇ ತಂಗಿ. ಆದರೂ ಎದುರುಮನೆಯ ದೊಡ್ಡವ್ವ ಅಡ್ಡ ನಿಂತಳು. ದೊಡ್ಡವ್ವ ನಮಗೆ ಸಂಬಂಧಿಯಲ್ಲ, ಓಣಿಗೆಲ್ಲ ದೊಡ್ಡವ್ವ. ದಿನಾ ಬಂದು ಅವ್ವನಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು. ಅವಳು ಮುನಿಸಿಕೊಂಡರೆ ಕೂಸಿಗೆ ನೀರು ಹಾಕುವವರಿರಲಿಲ್ಲ.

"ಮೊದಲ ಹೇಳತೇನಿ ಕೇಳು," ಎಂದು ಆಯಿಗೆ ಹೇಳಿದಳು. ಆಯಿ ಅಂದರೆ ನನ್ನ ಅಜ್ಜಿ, ಅಪ್ಪನ ತಾಯಿ. "ಸೋಡಚೀಟಿ ಆದಾಕಿ ಕೂಸಿನ ಕಿವ್ಯಾಗ ಕುರ್ರ್ ಅನಬಾರದು. ಬಾದಾಮ್ಯಾಗ ನಿಮ್ಮ ಮೈದುನನ ಮಗಳದಾಳಲ್ಲ, ಅಕಿನ್ನ ಕರಸು. ಅಕೀನೂ ವರಸೀಲೆ ಅತ್ತೀನ."

"ಕರಸ್ತೇನಿ ತಗೋ," ಅಂದಳು ಆಯಿ.

ಬಾಗಿಲ ಬಳಿ ಕೂತು ಕುಬಸಕ್ಕೆ ಹುಕ್ಕು ಹಚ್ಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಹುನಗುಂದದಿಂದ ಬಂದ ಮೇಲೆ ಅವಳು ಚಾಚಾನ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು. ದೊಡ್ಡವ್ವ ಹೋಗುವಾಗ ಅವಳ ಕೈಯಲ್ಲಿದ್ದುದನ್ನು ನೋಡಿ, "ಇದಕ್ಕ ರಾಣಿ ತೋಳ ಬ್ಯಾರೆ," ಎಂದು ಚುಚ್ಚಿ ಹೋದಳು. ಆಗ ಅತ್ತೆಯ ಮುಖ ಹೇಗಿತ್ತು? ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದುದು ಅವಳ ಕೈಯನ್ನು. ಸೂಜಿ ನಿಂತಿತ್ತು.

ಆ ದಿನಗಳಲ್ಲೇ ರಾಣಿ ಸತ್ತದ್ದು. ಆ ದಿನಗಳಲ್ಲೇ ಎಂದು ನನ್ನ ನೆನಪು ಹೇಳುತ್ತದೆ. ಶವಯಾತ್ರೆಯಾಗಿ ನಾಲ್ಕೈದು ದಿನಕ್ಕೆ ಹೆಸರಿಟ್ಟದ್ದು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅವ್ವ ಒಪ್ಪುವುದಿಲ್ಲ. ಕೂಸು ಅಶಕ್ತವಿತ್ತು, ದಸರೆಯಲ್ಲಿ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೇ ತೊಟ್ಟಿಲು ಕಟ್ಟಿದ್ದು ಅನ್ನುತ್ತಾಳೆ. ಇದ್ದೀತು. ನಡುವೆ ಇದ್ದ ದಿನಗಳನ್ನು ನಾನು ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿದಿರಬಹುದು.

ಶವಯಾತ್ರೆ ನೋಡಲು ಓಣಿಯ ಅರ್ಧ ಹೆಂಗಸರು ನಮ್ಮ ಪಡಸಾಲೆಯಲ್ಲಿದ್ದರು. ಅಲ್ಲಿಯೇ ಕುಣಿಮಗ್ಗ. ಮಗ್ಗದ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತವರು ಕೆಲವರು. ಚಾಚಾ ಮಷಿನ್ ಬಂದ್ ಮಾಡಿ ಬಂದು ಬಾಗಿಲಲ್ಲಿ ನಿಂತಿದ್ದರು. ಪರದೆಯ ಮೇಲೆ ಮಂದಿ, ಮಂದಿ, ಹೂವು, ಗಾಡಿ, ಹಿಂದೆ ನಡೆಯುತ್ತಿದ್ದ ಇಬ್ಬರು ಹುಡುಗರು. ಅವರನ್ನು ತೋರಿಸಿದಾಗ ದೊಡ್ಡವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಿಜವಾದ ಅಳು. ಪಕ್ಕದ ಓಣಿಯಲ್ಲಿ ಸತ್ತವರಿಗೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಆಗ ಯಾರೋ ಒಬ್ಬಳು ಕೇಳಿದಳು, "ಅಲ್ಲಬೇ, ಇಕಿನ್ನ ಮುತ್ತೈದಿ ಅನಬೇಕೋ, ಏನನಬೇಕು?"

ಪ್ರಶ್ನೆ ಪಡಸಾಲೆಯಲ್ಲಿ ಓಡಾಡಿತು. ಗಂಡ ಇದ್ದಾನೆ. ಆದರೆ ಚೀಟಿಯಾಗಿದೆ. ಅರಿಷಿಣ-ಕುಂಕುಮ ಹಚ್ಚಿ ಕಳಿಸಬೇಕೋ ಬೇಡವೋ? ಅವರ ಕಡೆ ಅರಿಷಿಣ-ಕುಂಕುಮವೇ ಇಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ದೊಡ್ಡವ್ವ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು.

"ಗಂಡ ಜೀವಂತ ಅದಾನಿಲ್ಲ? ಅಂದಮ್ಯಾಲ ಮುತ್ತೈದಿ ಸಾವ ಇದು. ಚೀಟಿ ಗೀಟಿ ದೇವರು ಓದತಾನೇನ?"

ಆಯಿ ಇದಕ್ಕೇ ಕಾದಿದ್ದವಳಂತೆ ತಿರುಗಿದಳು. "ಏನಂದಿ?"

"ದೇವರು ಚೀಟಿ ಓದೂದಿಲ್ಲ ಅಂದೆ."

"ಹುನಗುಂದದಾಂವನೂ ಜೀವಂತ ಅದಾನಲ್ಲ?"

ಟೀವಿಯಲ್ಲಿ ಗಂಟೆ ಬಾರಿಸುತ್ತಿತ್ತು. ದೊಡ್ಡವ್ವ, "ಅದ ಬ್ಯಾರೆ, ಇದ ಬ್ಯಾರೆ," ಅಂದಳು.

"ಹ್ಯಾಂಗ ಬ್ಯಾರೆ?"

"ಅಕಿ ರಾಣಿ."

"ರಾಣಿಗೊಂದ ದೇವರು, ನನ್ನ ಮಗಳಿಗೊಂದ ದೇವರೇನ? ಹೇಳು. ಅಷ್ಟ ಮಂದಿ ಅಕೀಗೆ ಹೂವ ಹಾಕಾಕತ್ತಾರ. ನನ್ನ ಮಗಳು ಒಂದ ತೊಟ್ಟಿಲ ಮುಟ್ಟಿದ್ರ ಏನ್ ಮುಳಗತೈತಿ?"

ದೊಡ್ಡವ್ವ ಟೀವಿ ಸರಿಯಾಗಿ ಕಾಣುತ್ತಿಲ್ಲ ಎಂದಳು. ಅತ್ತೆ ಎದ್ದು ಮಾಳಿಗೆ ಹತ್ತಿ ಅಂಟೆನಾ ತಿರುಗಿಸಿದಳು. "ಬಂತು, ಬಂತು, ಸಾಕು!" ಎಂದು ಕೆಳಗಿನಿಂದ ಎಲ್ಲರೂ ಕೂಗಿದರು. ಅವಳು ಬಹಳ ಹೊತ್ತು ಇಳಿದು ಬರಲಿಲ್ಲ.

ಹೆಸರಿಡುವ ದಿನ ಅತ್ತೆ ಉಟ್ಟದ್ದು ದಾಳಿಂಬೆ ಬಣ್ಣದ ಇಳಕಲ್ ಸೀರೆ, ತೊಟ್ಟದ್ದು ಅವಳೇ ಹೊಲಿದುಕೊಂಡ ರಾಣಿ ತೋಳಿನ ಕುಬಸ. ಗುಗ್ಗರಿ ಬೇಯುತ್ತಿತ್ತು. ತೊಟ್ಟಿಲ ಪಕ್ಕ ದೊಡ್ಡವ್ವ ನಿಂತಿದ್ದಳು.

"ಬಾದಾಮ್ಯಾಕಿ ಎಲ್ಲಿ?"

"ಬಸ್ ಸಿಗಲಿಲ್ಲಂತ," ಅಂದಳು ಆಯಿ, ಕಣ್ಣು ಮಿಟುಕಿಸದೆ. ಬಾದಾಮಿಯವಳಿಗೆ ಸುದ್ದಿಯನ್ನೇ ಮುಟ್ಟಿಸಿರಲಿಲ್ಲ. ಮುಂದೆ ಚೊಳಚಗುಡ್ಡದ ಬನಶಂಕರಿಗೆ ಹೋದಾಗ ಆಕೆ ಸಿಕ್ಕು, ನನ್ನನ್ನೇಕೆ ಕರೆಯಲಿಲ್ಲ ಎಂದು ದೇವಿಯ ಎದುರಿಗೇ ಜಗಳ ತೆಗೆದಳು.

ಅತ್ತೆ ಬಗ್ಗಿದಳು. "ಕುರ್ರ್," ಅಂದಳು. ಯಾರೂ ಅಲುಗಾಡಲಿಲ್ಲ. ಎಲ್ಲರ ಕಣ್ಣೂ ದೊಡ್ಡವ್ವನ ಮೇಲೆ. ಅತ್ತೆ ಬಗ್ಗಿಯೇ ಇದ್ದಳು. ಸೆರಗು ಜಾರಿ ಕುಬಸದ ಬೆನ್ನಿನ ಸಾದಾ ಬಟ್ಟೆ ಕಾಣುತ್ತಿತ್ತು. ಎರಡನೇ ಸಲ "ಕುರ್ರ್" ಅನ್ನುವಾಗ ಅವಳ ಧ್ವನಿ ಸಣ್ಣದಾಗಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಅವಳು ಎದ್ದುಬಿಡುತ್ತಾಳೆ, ಎದ್ದು ಒಳಗೆ ಹೋಗಿಬಿಡುತ್ತಾಳೆ ಎಂದು ನನಗೂ ಗೊತ್ತಾಯಿತು.

ಆಗ ಧಪ್ಪನೆ ಒಂದು ಗುದ್ದು ಬಿತ್ತು. ಜೊತೆಗೇ ಆಯಿಯ ಕೂಗು. "ಏ ದೊಡ್ಡವ್ವಾ, ಸಾವಕಾಶ ಹೊಡಿಯವ್ವಾ! ನನ್ನ ಮಗಳ ಬೆನ್ನ ಮುರೀತಿಯೇನ?"

ನಗು ಎದ್ದಿತು. ದೊಡ್ಡವ್ವ ಬಾಯಿ ತೆರೆದು ಮುಚ್ಚಿ, "ಮುರೀಲಿ ತಗೋ, ಭಾಳ ದಿಮಾಕ ಬಂದೈತಿ ಇಕೀಗೆ!" ಎಂದು ಮತ್ತೊಂದು ಹಾಕಿದಳು. ಆಮೇಲೆ ಎಲ್ಲರ ಕೈ. ಅತ್ತೆ ಗುದ್ದು ತಿನ್ನುತ್ತ, ನಗುತ್ತ, ಕೂಸಿನ ಕಿವಿಯಲ್ಲಿ ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. ದೇವಿಯ ಹೆಸರಿಡಬೇಕೆಂದು ಮಾತಾಗಿತ್ತು, ಸಾಲೆಯಲ್ಲಿ ಅದೇ ಬರೆಸಿದರು. ಆದರೆ ಅತ್ತೆ ಮರುದಿನದಿಂದಲೇ ಕೂಸನ್ನು ರಾಣಿ ಎಂದು ಕರೆಯತೊಡಗಿದಳು. ತಂಗಿ ಇವತ್ತಿಗೂ ಮನೆಯಲ್ಲಿ ರಾಣಿ.

ದೊಡ್ಡವ್ವ ಸಾಯುವವರೆಗೆ ಈ ಕಥೆ ಹೇಳಿದಳು. "ಎಲ್ಲಾರೂ ಹಿಂದ ಸರದಿದ್ರು. ಮೊದಲನೇ ಗುದ್ದು ನಂದು." ಯಾರ ಮನೆಯ ಮಗಳು ತಿರುಗಿ ಬಂದರೂ ಅವರ ಕಟ್ಟೆಗೆ ಹೋಗಿ ಕೂತು ಇದನ್ನೇ ಹೇಳುತ್ತಿದ್ದಳು. ಉಡಿ ತುಂಬುವಾಗ ಅಂಥವರನ್ನು ಬಿಟ್ಟರೆ ಬೈಯುತ್ತಿದ್ದಳು. "ದೇವರು ಚೀಟಿ ಓದೂದಿಲ್ಲ" ಎಂಬ ಮಾತು ಓಣಿಯಲ್ಲಿ ಅವಳ ಮಾತೆಂದೇ ಉಳಿಯಿತು. ಅದು ರಾಣಿಗಾಗಿ ಅತ್ತ ದಿನ ಬಾಯಿ ತಪ್ಪಿ ಬಂದ ಮಾತು ಎಂಬುದನ್ನು ಅವಳೂ ಮರೆತಿದ್ದಳು.

ಈಗ ಅತ್ತೆ ಇರುವುದು ಬಾಗಲಕೋಟೆಯಲ್ಲಿ. ವಿದ್ಯಾಗಿರಿಯಲ್ಲಿ ಅವಳ ಹೊಲಿಗೆ ಅಂಗಡಿ ಇದೆ. ಚಾಚಾ ಅಂಗಡಿ ಮುಚ್ಚುವಾಗ ಕೊಟ್ಟ ಚಿತ್ರ ಅವಳ ಮಷಿನ್ನಿನ ಮೇಲಿದೆ. ಪ್ಲಾಸ್ಟಿಕ್ ಹಳದಿಯಾಗಿ ರಾಣಿಯ ಮುಖ ಸರಿಯಾಗಿ ಕಾಣುವುದಿಲ್ಲ, ತೋಳು ಕಾಣುತ್ತದೆ. ಕಾಲೇಜು ಹುಡುಗಿಯರು ಬಂದು "ಆಂಟಿ, ಪಫ್ ಇಡ್ರಿ" ಅಂದರೆ ಅವಳು ಕೇಳಿಸದವಳಂತೆ ಕತ್ತರಿ ಆಡಿಸುತ್ತಾಳೆ. "ರಾಣಿ ತೋಳ ಅನ್ರಿ, ಇಡತೇನಿ." ಅವರಿಗೆ ರಾಣಿ ಯಾರೆಂದು ಗೊತ್ತಿಲ್ಲ. ಆದರೂ ಅನ್ನುತ್ತಾರೆ.

ಹೋದ ವರ್ಷ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ವಿದ್ಯಾಗಿರಿಯ ಅವನ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಸೋದರತ್ತೆಯರು ಇಬ್ಬರು, ನಾನು ಮತ್ತು ತಂಗಿ. ನನ್ನ ಮದುವೆ ಕೋರ್ಟಿನಲ್ಲಿ ಮುಗಿದು ಕೆಲವು ವರ್ಷಗಳಾಗಿವೆ. ಈಗ ಯಾರೂ ಸೋಡಚೀಟಿ ಅನ್ನುವುದಿಲ್ಲ, ಡೈವೋರ್ಸ್ ಅನ್ನುತ್ತಾರೆ. ಯಾರಾದರೂ ಏನಾದರೂ ಅಂದಾರು ಎಂದು ಬೆಳಿಗ್ಗೆಯಿಂದ ಕಿವಿ ಚುರುಕು ಮಾಡಿಕೊಂಡಿದ್ದೆ. ಒಂದು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಯಾರೂ ಏನೂ ಅನ್ನಲಿಲ್ಲ. ತಂಗಿ ನನ್ನನ್ನು ಮುಂದೆ ತಳ್ಳಿ, "ನೀ ದೊಡ್ಡಾಕಿ, ನೀನ ಬಗ್ಗು. ನನ್ನ ಬೆನ್ನ ನಾಜೂಕ ಐತಿ," ಅಂದಳು.

ಬಗ್ಗಿ ಕುರ್ರ್ ಅಂದೆನೋ ಇಲ್ಲವೋ, ಗುದ್ದು ಬಿತ್ತು. ಅಬ್ಬಾ. ಕುಬಸದ ಹಿಂದಿನ ಹೊಲಿಗೆ ಚರ್ರನೆ ಬಿಚ್ಚಿತು. ಹಿಂದೆ ಅತ್ತೆ ನಿಂತಿದ್ದಳು.

ಆಮೇಲೆ ಒಳಗಿನ ಕೋಣೆಯಲ್ಲಿ ಅವಳೇ ಸೂಜಿ-ದಾರ ತಂದು, ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಬಿಚ್ಚಿದ್ದನ್ನು ಮೈಮೇಲೆಯೇ ಹೊಲಿಯತೊಡಗಿದಳು. ನಾನು ನಕ್ಕು, "ಅತ್ತಿ, ನಿನ್ನ ಕೈ ದೊಡ್ಡವ್ವನ ಕೈಕಿಂತ ಭಾರ ಐತಿ," ಅಂದೆ.

"ಅಲಗಬ್ಯಾಡ, ಸೂಜಿ ಚುಚ್ಚತೈತಿ. ದೊಡ್ಡವ್ವ ಹೊಡದದ್ದು ಆಮ್ಯಾಲ."

"ಅಂದ್ರ?"

"ಮೊದಲನೇದ್ದು ಅಕಿದಲ್ಲ. ನಿಮ್ಮ ಆಯಿದು."

ನಾನು ತಿರುಗಲು ಹೋದೆ, ಅವಳು ಭುಜ ಹಿಡಿದು ನಿಲ್ಲಿಸಿದಳು. "ಹೊಡದು, ದೊಡ್ಡವ್ವನ ಹೆಸರ ಹೇಳಿ ಒದರಿದ್ಲು. ಪಾಪ, ದೊಡ್ಡವ್ವ ಹೌದನ್ನಾಕೂ ಆಗಲಿಲ್ಲ, ಅಲ್ಲನ್ನಾಕೂ ಆಗಲಿಲ್ಲ."

"ನೀ ಬಗ್ಗಿದ್ದಿ. ನಿನಗ ಹ್ಯಾಂಗ ಗೊತ್ತಾತು?"

"ಸಾಲಿ ತಪ್ಪಿಸಿದಾಗ, ಹಾಲ ಉಕ್ಕಿಸಿದಾಗ, ಎಷ್ಟ ತಿಂದೇನಿ ಅಕಿ ಕೈಲೆ. ಆ ಕೈ ನನಗ ಗೊತ್ತಿಲ್ಲೇನ?"

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ದೊಡ್ಡವ್ವ ಅಷ್ಟ ಖುಷಿಲೆ ಹೇಳಕೋತ ಅಡ್ಡಾಡತಿದ್ಲು. ಕಸಗೊಳ್ಳೂದ್ಯಾಕ?"

ಗೋಡೆ ನೋಡುತ್ತ ನಿಂತು ನಾನು ಆ ದಿನವನ್ನು ಮತ್ತೆ ತೆರೆದು ನೋಡಿದೆ. ನನ್ನ ನೆನಪಿನಲ್ಲಿ ಮೇಲೆದ್ದ ಕೈ ದೊಡ್ಡವ್ವನದೇ, ಹಸಿರು ಬಳೆಗಳ ಸಮೇತ. ಅದನ್ನು ತೆಗೆದು ಆಯಿಯ ಕೈ ಇಡಲು ನೋಡಿದೆ, ಕೂಡಲಿಲ್ಲ. ಅತ್ತೆಯ ಮಾತೇ ನಿಜವೆಂದು ಹೇಗೆ ನಂಬಲಿ? ಅವಳೂ ತನಗೆ ಬೇಕಾದ ಕೈಯನ್ನು ಬೆನ್ನ ಮೇಲೆ ಇಟ್ಟುಕೊಂಡಿರಬಹುದು. ಕೇಳಲು ಆಯಿ ಇಲ್ಲ, ದೊಡ್ಡವ್ವ ಇಲ್ಲ. ಟೀವಿಯ ಬಣ್ಣಗಳ ಹಾಗೆ ಇದೂ ಇರಲಿ. ಯಾರ ಕೈಯೇ ಆಗಿರಲಿ, ಆ ಗುದ್ದಿನ ದೆಸೆಯಿಂದ ನನ್ನ ಸರದಿ ಬಂದಾಗ ಸಿದ್ಧ ಮಾಡಿಟ್ಟ ಉತ್ತರ ಖರ್ಚಾಗದೆ ಹಾಗೇ ಉಳಿಯಿತು. ಆಯಿಗೆ, ಸುಳ್ಳನ್ನು ತನ್ನದೆಂದು ನಂಬಿ ನಿಜ ಮಾಡಿದ ದೊಡ್ಡವ್ವನಿಗೆ, ಇಳಕಲ್ಲೆಂಬ ಊರಿದೆ ಎಂದೇ ಗೊತ್ತಿಲ್ಲದೆ ಹೋದ ಆ ರಾಣಿಗೆ, ಮನಸ್ಸಿನಲ್ಲೇ ಕೈ ಮುಗಿದೆ.

ಅತ್ತೆ ದಾರವನ್ನು ಹಲ್ಲಿನಿಂದ ಕಡಿದಳು. ಹೊಲಿಗೆಯ ಮೇಲೆ ಅಂಗೈಯಿಟ್ಟು ಒಂದು ಸಲ ಸವರಿ, ಮೆಲ್ಲಗೆ ತಟ್ಟಿದಳು.

"ಆತು. ಹೋಗು, ಗುಗ್ಗರಿ ಹಂಚು. ಮಂದಿ ಕಾಯಾಕತ್ತಾರ."